ಇಲಿಗೆ ಮಂಪರು ಕೊಟ್ಟಾಗ ರಕ್ತದ ಸಕ್ಕರೆ ಏರದಂತೆ ನೋಡಿಕೊಳ್ಳುವುದು ಹೇಗೆ?

ಮಧುಮೇಹದ ಪ್ರಯೋಗದಲ್ಲಿ ಪರೀಕ್ಷೆಯ ಔಷಧವನ್ನು ಇನ್ನೂ ಕೊಡದ ಇಲಿಯ ರಕ್ತದ ಸಕ್ಕರೆ ಡೆಸಿಲೀಟರಿಗೆ 250 ಮಿಗ್ರಾಂ ದಾಟಿದೆಯೇ? ಹಾಗಾದರೆ ಮೊದಲು ಅನುಮಾನ ಬರಬೇಕಾದ್ದು ಮಂಪರಿಗೆ ಕೊಟ್ಟ ಝೈಲಜೀನ್ ಮೇಲೆ. ಇದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿರುವ ಆಲ್ಫಾ-2 ಗ್ರಾಹಕಗಳಿಗೆ ಅಂಟಿಕೊಂಡು ಇನ್ಸುಲಿನ್ ಹೊರಬರದಂತೆ ತಡೆಯುತ್ತದೆ. ಜೊತೆಗೆ ಮೂತ್ರ ಹೆಚ್ಚುತ್ತದೆ, ಮೈ ತಣ್ಣಗಾಗುತ್ತದೆ. ಡೆಕ್ಸ್‌ಮೆಡಿಟೊಮಿಡಿನ್ ಕೂಡ ಇದೇ ಗುಂಪಿನದು.

ಬಾಲದ ತುದಿಯಿಂದ ಒಂದು ಹನಿ ರಕ್ತ ಸಾಕೆಂದಾದರೆ ಮಂಪರೇ ಬೇಡ. ಕೈಗೆ ಪಳಗಿದ ಇಲಿ ಸುಮ್ಮನೆ ಕೂರುತ್ತದೆ. ಪಳಗಿಸಲು ಕೆಲವು ದಿನ ಹಿಡಿದರೂ ಆ ಶ್ರಮ ದಂಡವಲ್ಲ. ಮಂಪರು ಬೇಕೇ ಬೇಕೆಂದರೆ ಉಸಿರಿನ ಮೂಲಕ ಕೊಡುವ ಐಸೊಫ್ಲುರೇನ್ ಆರಿಸಿಕೊಳ್ಳಿ: ಶುರುವಿಗೆ 3–4%, ಆಮೇಲೆ 1.5–2%. ಇದೂ ಸಕ್ಕರೆಯನ್ನು ಸ್ವಲ್ಪ ಏರಿಸುತ್ತದೆ. ಆದ್ದರಿಂದ ಹೋಲಿಕೆಯ ಗುಂಪಿಗೂ ಅದೇ ಔಷಧ, ಅಷ್ಟೇ ಹೊತ್ತು ಕೊಡಬೇಕು. ಔಷಧ ಬದಲಿಸುವುದಿದ್ದರೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಪಡೆಯಿರಿ.

ಇಲಿಗಳಿಗೆ ವಾಂತಿ ಬರುವುದಿಲ್ಲ. ಹಾಗಾಗಿ ಮನುಷ್ಯರಿಗೆ ಮಾಡುವಂತೆ ರಾತ್ರಿಯಿಡೀ ಉಪವಾಸ ಕೆಡವುವ ಅಗತ್ಯವಿಲ್ಲ. ಚಿಟ್ಟಿಲಿ ತಿನ್ನುವುದೇ ರಾತ್ರಿ ಹೊತ್ತು. ಒಂದು ರಾತ್ರಿ ಮೇವು ತಪ್ಪಿದರೆ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಬರಿದಾಗಿ ತೂಕವೂ ಇಳಿಯುತ್ತದೆ. ಪ್ರಯೋಗಕ್ಕೆ ಉಪವಾಸ ಬೇಕಿದ್ದರೆ ಬೆಳಿಗ್ಗೆ ಮೇವು ತೆಗೆದು 4–6 ಗಂಟೆ ಬಿಟ್ಟರೆ ಸಾಕು. ನೀರನ್ನು ಮಾತ್ರ ತೆಗೆಯಬೇಡಿ.

ಮೈ ಬಿಸಿಯ ವಿಷಯಕ್ಕೆ ಬಂದರೆ, ಬಳ್ಳಾರಿ, ರಾಯಚೂರಿನ ಏಪ್ರಿಲ್ ಬಿಸಿಲು ನಮ್ಮನ್ನು ಸುಲಭವಾಗಿ ಮೋಸಗೊಳಿಸುತ್ತದೆ. ಹೊರಗೆ 40 ಡಿಗ್ರಿ ಇದ್ದರೂ ಏಸಿ ಹಾಕಿದ ಕೋಣೆ 22 ಡಿಗ್ರಿಯಲ್ಲಿರುತ್ತದೆ. 25 ಗ್ರಾಂ ಚಿಟ್ಟಿಲಿಯ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ಬಹಳ. ಉಕ್ಕಿನ ಮೇಜಿನ ಮೇಲೆ ಹಾಗೇ ಮಲಗಿಸಿದರೆ ಕೆಲವೇ ನಿಮಿಷದಲ್ಲಿ ಬಾಲ, ಪಾದ ಮುಟ್ಟಲು ತಣ್ಣಗಾಗುತ್ತವೆ. ಮೈ ತಣ್ಣಗಾದರೆ ಔಷಧ ಕರಗುವುದು ನಿಧಾನ, ಎಚ್ಚರವೂ ತಡ. ಮಂಪರು ಹತ್ತಿದ ಕೂಡಲೇ ಹೀಟಿಂಗ್ ಪ್ಯಾಡ್ ಮೇಲೆ ಟವೆಲ್ ಹಾಸಿ ಮಲಗಿಸಿ. ಗುದದ್ವಾರದ ತಾಪಮಾಪಕದಲ್ಲಿ 37 ಡಿಗ್ರಿ ಆಸುಪಾಸು ಇರುವಂತೆ ನೋಡಿಕೊಳ್ಳಿ. ಕರೆಂಟ್ ಹೋದರೆ ಕೈಗೆ ಸಿಗುವಂತೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟುಕೊಳ್ಳಿ. ಮೈಗೆ ನೇರ ತಾಗಿದರೆ ಚರ್ಮ ಸುಡುತ್ತದೆ, ಮಂಪರಿನಲ್ಲಿರುವ ಜೀವಕ್ಕೆ ಸರಿದುಕೊಳ್ಳಲು ಆಗದು.

ಮೂತ್ರದಲ್ಲಿ ಹೋದ ನೀರು ತುಂಬಲು ಉಗುರುಬೆಚ್ಚಗಿನ ಸಲೈನ್ ಅನ್ನು ಚರ್ಮದಡಿ ಕೊಡಿ: ಚಿಟ್ಟಿಲಿಗೆ 0.5 ಮಿಲೀ, 250 ಗ್ರಾಂ ಇಲಿಗೆ 2.5 ಮಿಲೀ. ಡೆಕ್ಸ್‌ಟ್ರೋಸ್ ಬೆರೆಸಿದ್ದು ಬೇಡ, ಅದು ಅಳತೆಯನ್ನೇ ಕೆಡಿಸುತ್ತದೆ. ಕಣ್ಣು ತೆರೆದೇ ಇರುವುದರಿಂದ ಮುಲಾಮು ಹಚ್ಚುವುದನ್ನು ಮರೆಯಬೇಡಿ.

ಝೈಲಜೀನನ್ನು ಕೆಟಮಿನ್ ಎಂಬ ಇನ್ನೊಂದು ಮಂಪರಿನ ಔಷಧದ ಜೊತೆ ಕೊಟ್ಟಿದ್ದರೆ ಅಟಿಪಮೆಜೋಲ್ ಝೈಲಜೀನ್ ಪರಿಣಾಮವನ್ನು ಅಳಿಸುತ್ತದೆ, ಇನ್ಸುಲಿನ್ ಮತ್ತೆ ಹರಿಯುತ್ತದೆ. ಆದರೆ ಅವಸರ ಬೇಡ. ಕೆಟಮಿನ್ ಇನ್ನೂ ಉಳಿದಿರುವಾಗ ಕೊಟ್ಟರೆ ಅದೊಂದೇ ಕೆಲಸ ಮಾಡಿ ಮೈ ಬಿಗಿಯುತ್ತದೆ, ನಡುಕ ಬರುತ್ತದೆ. ಕೆಟಮಿನ್ ಚುಚ್ಚಿ 20–30 ನಿಮಿಷವಾದರೂ ಕಳೆದಿರಲಿ.

ಸಕ್ಕರೆಯನ್ನು ಮಂಪರಿಗೆ ಮೊದಲೊಮ್ಮೆ, ಆಮೇಲೆ 15, 30, 60ನೇ ನಿಮಿಷಕ್ಕೆ ಒಂದೇ ಗ್ಲೂಕೋಮೀಟರಿನಲ್ಲಿ ನೋಡಿ. ಮೊದಲ ಹನಿಯನ್ನು ಹತ್ತಿಯಿಂದ ಒರೆಸಿ, ಎರಡನೆಯದನ್ನು ಸ್ಟ್ರಿಪ್‌ಗೆ ಹಚ್ಚಿ. ಕೊನೆಗೆ ಇಲಿಯನ್ನು ಮರದ ಹೊಟ್ಟಿನ ಮೇಲೆ ಬಿಡದೆ ಟಿಶ್ಯೂ ಕಾಗದದ ಮೇಲೆ ಮಲಗಿಸಿ, ಹೊಟ್ಟು ಮೂಗಿಗೆ ಮೆತ್ತಿ ಉಸಿರು ಕಟ್ಟಬಹುದು. ಪ್ಯಾಡ್ ಅರ್ಧ ಪಂಜರದಡಿ ಮಾತ್ರ ಇರಲಿ. ಎಚ್ಚರಾದ ಇಲಿ ಬಿಸಿ ಸಾಕೆನಿಸಿದರೆ ತಾನೇ ಅತ್ತ ಸರಿಯುತ್ತದೆ. ತಾನಾಗಿ ನಡೆದು ನೀರು ಕುಡಿಯುವವರೆಗೆ ಗೂಡಿನ ಜೊತೆಗಾರರ ಬಳಿ ಬಿಡಬೇಡಿ.