ಜಪಾನಿನಲ್ಲಿ ಪೈಲಟ್ ಕೆಲಸ: ರಾಜೀನಾಮೆ ಪತ್ರ ಕೊನೆಯ ಹೆಜ್ಜೆಯಾಗಿರಲಿ

ಜಪಾನಿನ ವಿಮಾನಯಾನ ಸಂಸ್ಥೆಗಳಿಗೆ ಪೈಲಟ್‌ಗಳು ಸಾಲುತ್ತಿಲ್ಲ ಎಂಬ ಮಾತು ಹತ್ತು ವರ್ಷಗಳಿಗೂ ಹಿಂದಿನಿಂದ ಕೇಳಿಬರುತ್ತಿದೆ. ಆ ಮಾತು ನಿಜವೇ ಆದರೂ ಅದನ್ನು ನೆಚ್ಚಿಕೊಂಡು ಇರುವ ಕೆಲಸ ಬಿಡುವ ಮುನ್ನ ಕೊರತೆ ಎಲ್ಲಿದೆ, ಯಾರಿಗೆ ಬಾಗಿಲು ತೆರೆದಿದೆ, ಯಾವ ಕಾಗದಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ. ಭಾರತದ ಪೈಲಟ್‌ಗಳ ಮಟ್ಟಿಗೆ ಇದು ಇನ್ನಷ್ಟು ನಿಜ. ಇಲ್ಲಿನ ನೋಟಿಸ್ ಅವಧಿ ಮತ್ತು ಅಲ್ಲಿನ ವೀಸಾ ಪ್ರಕ್ರಿಯೆ ಒಂದಕ್ಕೊಂದು ಹೊಂದುವುದಿಲ್ಲ. ಹೆಜ್ಜೆಗಳ ಕ್ರಮ ತಪ್ಪಿದರೆ ಇರುವ ಕೆಲಸವೂ ಹೋಗಿ, ಬರಬೇಕಾದ ಕೆಲಸವೂ ಕೈತಪ್ಪುವ ಸಂಭವವಿದೆ.

ಕೊರತೆ ಇರುವುದು ಕ್ಯಾಪ್ಟನ್‌ಗಳದ್ದು

1980ರ ದಶಕದ ಕೊನೆ ಮತ್ತು 1990ರ ದಶಕದ ಆರಂಭದಲ್ಲಿ, ಜಪಾನಿನ ಆರ್ಥಿಕತೆ ಉಬ್ಬರದಲ್ಲಿದ್ದಾಗ, ಅಲ್ಲಿನ ದೊಡ್ಡ ಸಂಸ್ಥೆಗಳು ಹೆಚ್ಚಿನ ಸಂಖ್ಯೆಯಲ್ಲಿ ಪೈಲಟ್‌ಗಳನ್ನು ಸೇರಿಸಿಕೊಂಡವು. ಆ ತಲೆಮಾರು 2030ರ ಆಸುಪಾಸಿನಲ್ಲಿ ಒಟ್ಟೊಟ್ಟಿಗೆ ನಿವೃತ್ತಿಗೆ ಬರುತ್ತದೆ. ಜಪಾನಿನ ವಿಮಾನಯಾನ ವಲಯದಲ್ಲಿ ಇದನ್ನು '2030ರ ಸಮಸ್ಯೆ' ಎಂದೇ ಕರೆಯುತ್ತಾರೆ. ಇನ್ನೊಂದೆಡೆ, 2024ರಲ್ಲಿ ಸುಮಾರು 3.7 ಕೋಟಿ ವಿದೇಶಿಯರು ಜಪಾನಿಗೆ ಭೇಟಿ ನೀಡಿದ್ದು, 2030ರ ವೇಳೆಗೆ ಆ ಸಂಖ್ಯೆಯನ್ನು 6 ಕೋಟಿಗೆ ಏರಿಸುವುದು ಸರ್ಕಾರದ ಗುರಿಯಾಗಿದೆ. ಕೊರತೆಯ ಬಿಸಿ ಹೇಗಿರುತ್ತದೆ ಎಂಬುದು 2014ರಲ್ಲೇ ಗೊತ್ತಾಗಿತ್ತು. ಆಗ ಕನ್ಸಾಯ್ ವಿಮಾನ ನಿಲ್ದಾಣವನ್ನು ನೆಲೆಯಾಗಿಸಿಕೊಂಡ ಅಗ್ಗದ ದರದ ಸಂಸ್ಥೆ ಪೀಚ್, ಕೆಲವು ಕ್ಯಾಪ್ಟನ್‌ಗಳು ಅನಾರೋಗ್ಯದಿಂದ ರಜೆಯ ಮೇಲೆ ಹೋದ ಕಾರಣಕ್ಕೆ, ಆ ಬೇಸಿಗೆಯಲ್ಲಿ ಸುಮಾರು 2,000ದವರೆಗೆ ಹಾರಾಟಗಳನ್ನು ರದ್ದುಪಡಿಸಬೇಕಾಗಬಹುದು ಎಂದು ಪ್ರಕಟಿಸಬೇಕಾಯಿತು.

ಕೋ-ಪೈಲಟ್‌ಗಳ ವಿಷಯ ಬೇರೆ. ಮಿಯಾಝಾಕಿಯಲ್ಲಿರುವ ಸರ್ಕಾರಿ ವಿಮಾನಯಾನ ಕಾಲೇಜು 2018ರಲ್ಲಿ ತನ್ನ ವಾರ್ಷಿಕ ಪ್ರವೇಶವನ್ನು 72ರಿಂದ 108ಕ್ಕೆ ಏರಿಸಿತು. ಖಾಸಗಿ ವಿಶ್ವವಿದ್ಯಾಲಯಗಳಲ್ಲೂ ಪೈಲಟ್ ಕೋರ್ಸ್‌ಗಳಿವೆ, ದೊಡ್ಡ ಸಂಸ್ಥೆಗಳು ಪದವೀಧರರನ್ನು ತಾವೇ ಆಯ್ದು ತರಬೇತಿ ಕೊಡುತ್ತವೆ. ಹೀಗಾಗಿ ಎಡಬದಿಯ ಆಸನಕ್ಕೆ, ಅಂದರೆ ಕ್ಯಾಪ್ಟನ್ ಹುದ್ದೆಗೆ, ಅನುಭವಿಗಳು ಬೇಕಾದಾಗ ಮಾತ್ರ ಸಂಸ್ಥೆಗಳು ಹೊರದೇಶದತ್ತ ನೋಡುವುದು ಹೆಚ್ಚು. ಜಕ್ಕೂರಿನಲ್ಲೋ ಬೇರೆಡೆಯೋ ತರಬೇತಿ ಮುಗಿಸಿ 200 ಗಂಟೆಗಳ ಕಮರ್ಷಿಯಲ್ ಲೈಸೆನ್ಸ್ ಕೈಯಲ್ಲಿ ಹಿಡಿದಿರುವ ಯುವಕ ಯುವತಿಯರಿಗೆ ಜಪಾನಿನ ಬಾಗಿಲು ಸದ್ಯಕ್ಕೆ ಮುಚ್ಚಿದೆ ಎಂದೇ ಹೇಳಬೇಕು. ಅವರಿಗೆ ಇಲ್ಲಸಲ್ಲದ ಆಸೆ ಹುಟ್ಟಿಸಿ ಹಣ ಕೇಳುವ ಮಧ್ಯವರ್ತಿಗಳಿಂದ ದೂರವಿರುವುದು ಒಳ್ಳೆಯದು.

ಮೊದಲ ಹೆಜ್ಜೆ: ನಿಮ್ಮ ವಿಮಾನಕ್ಕೆ ಹೊಂದುವ ಸಂಸ್ಥೆ ಯಾವುದು?

ವಿದೇಶಿ ಪೈಲಟ್‌ಗಳ ನೇಮಕಾತಿ ನಡೆಯುವುದು ಬಹುಮಟ್ಟಿಗೆ ಟೈಪ್ ರೇಟಿಂಗ್, ಅಂದರೆ ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆಯ, ಆಧಾರದ ಮೇಲೆ. ಏರ್‌ಬಸ್ ಎ320 ಹಾರಿಸುವವರು ಪೀಚ್, ಜೆಟ್‌ಸ್ಟಾರ್ ಜಪಾನ್ ಮತ್ತು ಕಿತಾಕ್ಯೂಶು ನೆಲೆಯ ಸ್ಟಾರ್‌ಫ್ಲೈಯರ್ ಕಡೆ ನೋಡಬೇಕು. ಬೋಯಿಂಗ್ 737 ಹಾರಿಸುವವರಿಗೆ ಸ್ಕೈಮಾರ್ಕ್, ಸೋಲಾಸೀಡ್, ಏರ್ ಡೂ ಮತ್ತು ಸ್ಪ್ರಿಂಗ್ ಜಪಾನ್ ಇವೆ. ಎಂಬ್ರೇಯರ್ ಅನುಭವವಿದ್ದರೆ ಫುಜಿ ಡ್ರೀಮ್ ಏರ್‌ಲೈನ್ಸ್, ಎಟಿಆರ್ ಅನುಭವವಿದ್ದರೆ ನಿಗಾಟಾದ ಟೊಕಿ ಏರ್, 747 ಸರಕು ವಿಮಾನಗಳ ಅನುಭವವಿದ್ದರೆ ನಿಪ್ಪಾನ್ ಕಾರ್ಗೊ. ಭಾರತದಲ್ಲಿ ಇಂಡಿಗೋದ ಎ320, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737 ಹಾರಿಸುವ ಕ್ಯಾಪ್ಟನ್‌ಗಳ ಸಂಖ್ಯೆ ದೊಡ್ಡದಿರುವುದರಿಂದ ಮೊದಲ ಎರಡು ಗುಂಪುಗಳು ನಮ್ಮವರಿಗೆ ಹತ್ತಿರದವು.

ಜಾಹೀರಾತುಗಳಲ್ಲಿ ಒಟ್ಟು ಹಾರಾಟದ ಗಂಟೆಗಳ ಜೊತೆಗೆ ಅದೇ ಮಾದರಿಯಲ್ಲಿ ಕ್ಯಾಪ್ಟನ್ ಆಗಿ ಹಾರಿಸಿದ ಗಂಟೆಗಳನ್ನೂ, ಕೊನೆಯ ಬಾರಿ ಹಾರಿಸಿದ್ದು ಯಾವಾಗ ಎಂಬುದನ್ನೂ ಕೇಳುತ್ತಾರೆ. ವರ್ಷಗಟ್ಟಲೆ ಕಚೇರಿಯ ಮೇಜಿನಲ್ಲಿ ಕುಳಿತವರಿಗೆ ಹಳೆಯ ಗಂಟೆಗಳು ಹೆಚ್ಚು ನೆರವಾಗುವುದಿಲ್ಲ. ವಯಸ್ಸಿನ ವಿಷಯದಲ್ಲಿ ಜಪಾನ್ ಉದಾರವಾಗಿದೆ: 2015ರಿಂದ ಅಲ್ಲಿ ಹೆಚ್ಚುವರಿ ವೈದ್ಯಕೀಯ ಪರೀಕ್ಷೆಗಳಿಗೆ ಒಳಪಟ್ಟು 68 ತುಂಬುವವರೆಗೆ ವಾಣಿಜ್ಯ ವಿಮಾನ ಹಾರಿಸಲು ಅವಕಾಶವಿದೆ. ಆದರೆ ಅಂತರರಾಷ್ಟ್ರೀಯ ಮಾರ್ಗಗಳಲ್ಲಿ 65ರ ಮಿತಿ ಇದ್ದೇ ಇದೆ.

ಎರಡನೆಯದು: ದೇಹದ ಪರೀಕ್ಷೆ, ಅದೂ ಜಪಾನಿನಲ್ಲಿ

ಜಪಾನಿನ ಕೆಲಸಕ್ಕೆ ಹೊರಟವರಲ್ಲಿ ಹಲವರು ಮುಗ್ಗರಿಸುವುದು ಈ ಮೆಟ್ಟಿಲಿನಲ್ಲಿ. ಅಲ್ಲಿನ ನಾಗರಿಕ ವಿಮಾನಯಾನ ಇಲಾಖೆ, ಅಂದರೆ ಜೆಸಿಎಬಿ, ವಿದೇಶದ ಮೊದಲ ದರ್ಜೆಯ ವೈದ್ಯಕೀಯ ಪ್ರಮಾಣಪತ್ರವನ್ನು ತನ್ನದಕ್ಕೆ ಬದಲಾಗಿ ಒಪ್ಪುವುದಿಲ್ಲ. ತಾನು ಗೊತ್ತುಪಡಿಸಿದ ಸಂಸ್ಥೆಗಳಲ್ಲಿ, ತನ್ನದೇ ಮಾನದಂಡಗಳ ಪ್ರಕಾರ, ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಿಸುತ್ತದೆ. ದೃಷ್ಟಿ ಒಂದೊಂದು ಕಣ್ಣಿನಿಂದ 0.7, ಎರಡೂ ಸೇರಿ 1.0 ಇರಬೇಕು, ಕನ್ನಡಕ ಧರಿಸಿಯಾದರೂ ಸರಿ. ರಕ್ತದೊತ್ತಡ 160/95ರ ಒಳಗಿರಬೇಕು. ಹೃದಯದ ಇಸಿಜಿ ಎಲ್ಲೆಡೆ ಇರುವಂಥದ್ದೇ. ಆದರೆ ಮೊದಲ ಬಾರಿ ಅರ್ಜಿ ಹಾಕುವವರಿಗೆ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿಯನ್ನೂ ಮಾಡಿಸಬೇಕಾಗುತ್ತದೆ. ಇಪ್ಪತ್ತು ವರ್ಷ ಹಾರಾಟ ನಡೆಸಿ ಒಮ್ಮೆಯೂ ತಲೆಗೆ ಆ ತಂತಿಗಳನ್ನು ಅಂಟಿಸಿಕೊಳ್ಳದವರಿಗೆ ಇದು ಹೊಸ ಅನುಭವ. ಆರೋಗ್ಯವಂತರಲ್ಲೂ ಕೆಲವೊಮ್ಮೆ ಅದರಲ್ಲಿ ಸಣ್ಣ ವ್ಯತ್ಯಾಸ ಕಂಡುಬಂದು ಹೆಚ್ಚಿನ ಪರಿಶೀಲನೆಗೆ ಹೋಗಬೇಕಾಗುತ್ತದೆ.

ಆದ್ದರಿಂದ ಆಸಕ್ತಿ ಮೂಡಿದ ಕೂಡಲೇ ಇಲ್ಲಿಯೇ, ಸ್ವಂತ ಖರ್ಚಿನಲ್ಲಿ, ಕಣ್ಣು, ರಕ್ತದೊತ್ತಡ, ಸಕ್ಕರೆ, ಟ್ರೆಡ್‌ಮಿಲ್ ಮತ್ತು ಇಇಜಿಗಳನ್ನು ಒಮ್ಮೆ ಮಾಡಿಸಿ ವರದಿಗಳನ್ನು ಇಟ್ಟುಕೊಳ್ಳುವುದು ಜಾಣತನ. ಹಿಂದೆ ಆದ ಶಸ್ತ್ರಚಿಕಿತ್ಸೆ, ಕಣ್ಣಿನ ಲೇಸರ್ ಚಿಕಿತ್ಸೆ, ಈಗ ನುಂಗುತ್ತಿರುವ ಗುಳಿಗೆ, ಇವೆಲ್ಲವನ್ನೂ ಸಂಸ್ಥೆಗೆ ಆರಂಭದಲ್ಲೇ ಬರೆದು ತಿಳಿಸಬೇಕು. ಮುಚ್ಚಿಟ್ಟದ್ದು ತಪಾಸಣೆಯಲ್ಲಿ ಹೊರಬಂದರೆ ಕಾಯಿಲೆಗಿಂತ ಆ ಮುಚ್ಚುಮರೆಯೇ ದೊಡ್ಡ ಅಡ್ಡಿಯಾಗುತ್ತದೆ. ಸಂದರ್ಶನ ಮತ್ತು ಸಿಮ್ಯುಲೇಟರ್ ಪರೀಕ್ಷೆಗಾಗಿ ಜಪಾನಿಗೆ ಕರೆದಾಗಲೇ ವೈದ್ಯಕೀಯ ಪರೀಕ್ಷೆಯನ್ನೂ ಮುಗಿಸಿಕೊಡಿ ಎಂದು ಕೇಳಿಕೊಳ್ಳಿ. ಸಂದರ್ಶನದಲ್ಲಿ ಗೆದ್ದ ಸಂತೋಷಕ್ಕಿಂತ ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಕಾಗದಕ್ಕೆ ಬೆಲೆ ಹೆಚ್ಚು.

ಮದ್ಯದ ವಿಷಯವನ್ನೂ ಇಲ್ಲಿಯೇ ಹೇಳಬೇಕು. 2018ರಲ್ಲಿ ಜಪಾನಿನ ಸಂಸ್ಥೆಯೊಂದರ ಕೋ-ಪೈಲಟ್ ಲಂಡನ್ನಿನಲ್ಲಿ ಮದ್ಯ ಸೇವನೆಗಾಗಿ ಬಂಧಿತರಾದ ಬಳಿಕ ಅಲ್ಲಿನ ನಿಯಮಗಳು ಬಿಗಿಯಾದವು. ಒಂದು ಲೀಟರ್ ಉಸಿರಿನಲ್ಲಿ 0.09 ಮಿಲಿಗ್ರಾಂ ಎಂಬುದು ಕಾನೂನಿನ ಮಿತಿ, ಹಾರಾಟದ ಮುನ್ನವೂ ನಂತರವೂ ಯಂತ್ರಕ್ಕೆ ಊದಬೇಕು. ಸಂಸ್ಥೆಗಳ ಸ್ವಂತ ನಿಯಮಗಳು ಇದಕ್ಕಿಂತ ಕಠಿಣವಾಗಿರಬಹುದು.

ಮೂರನೆಯದು: ಲೈಸೆನ್ಸ್ ಬದಲಾವಣೆ

ಜಪಾನಿನಲ್ಲಿ ನೋಂದಣಿಯಾದ ವಿಮಾನವನ್ನು ಹಾರಿಸಲು ಜೆಸಿಎಬಿ ಲೈಸೆನ್ಸ್ ಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ಸದಸ್ಯ ರಾಷ್ಟ್ರದ ಲೈಸೆನ್ಸ್ ಇದ್ದವರಿಗೆ ಪರೀಕ್ಷೆಯ ಕೆಲವು ಭಾಗಗಳಿಂದ ವಿನಾಯಿತಿ ಸಿಗುತ್ತದೆ. ಆದರೂ ಜಪಾನಿನ ವಿಮಾನಯಾನ ಕಾನೂನಿನ ಲಿಖಿತ ಪರೀಕ್ಷೆಗೆ ಸಿದ್ಧರಾಗಿರಬೇಕು. ಅದಕ್ಕೂ ಮೊದಲು ಭಾರತದ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ನೀಡಿದ ಲೈಸೆನ್ಸ್ ಅಸಲಿಯೇ ಎಂಬ ದೃಢೀಕರಣ ಅಲ್ಲಿಗೆ ತಲುಪಬೇಕು. ಹಾರಾಟದ ಗಂಟೆಗಳನ್ನು ದಾಖಲಿಸುವ ಲಾಗ್‌ಬುಕ್‌ನ ಪ್ರತಿ ಮೊತ್ತವೂ ತಾಳೆಯಾಗಬೇಕು. ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ದರ್ಜೆಗೆ ಒಟ್ಟು 1,500 ಗಂಟೆ, ಅದರಲ್ಲಿ ರಾತ್ರಿ ಹಾರಾಟ 100 ಗಂಟೆ, ಉಪಕರಣಾಧಾರಿತ ಹಾರಾಟ 75 ಗಂಟೆ ಇರಬೇಕು. ಹಳೆಯ ತರಬೇತಿ ಶಾಲೆಯ ಕಾಲದ ಪುಟಗಳಲ್ಲಿ ರಾತ್ರಿ ಹಾರಾಟದ ಕಾಲಮ್ಮಿನಲ್ಲಿ ಒಂದು ಮೊತ್ತ, ವರ್ಷಾಂತ್ಯದ ಪುಟದಲ್ಲಿ ಇನ್ನೊಂದು ಮೊತ್ತ ಇದ್ದರೆ ಅಲ್ಲಿನ ಅಧಿಕಾರಿಗಳು ವಿವರಣೆ ಕೇಳದೆ ಬಿಡುವುದಿಲ್ಲ. ರಜೆಯ ದಿನಗಳಲ್ಲಿ ಕುಳಿತು ಮೊದಲ ಪುಟದಿಂದ ಕೂಡಿಸಿ, ತಿದ್ದುಪಡಿಗಳಿಗೆ ಸಂಬಂಧಿಸಿದವರ ಸಹಿ ಪಡೆದು ಇಟ್ಟುಕೊಂಡರೆ ಮುಂದೆ ವಾರಗಳೇ ಉಳಿಯುತ್ತವೆ.

ಇಂಗ್ಲಿಷ್ ಭಾಷಾ ಪ್ರಾವೀಣ್ಯ ಕನಿಷ್ಠ 4ನೇ ಮಟ್ಟದ್ದಿರಬೇಕು. ರೇಡಿಯೊ ಬಳಕೆಯ ಅರ್ಹತೆ ಅಲ್ಲಿ ಬೇರೊಂದು ಸಚಿವಾಲಯದ ಅಧೀನದಲ್ಲಿದೆ. ಹಾಗಾಗಿ ಅದರ ಕಾಗದಪತ್ರಗಳ ದಾರಿಯೇ ಬೇರೆ. ಭಾರತದ ರೇಡಿಯೊ ಪ್ರಮಾಣಪತ್ರದ ಅವಧಿ ಮುಗಿಯದಂತೆ ನೋಡಿಕೊಳ್ಳಬೇಕು.

ಇಷ್ಟಾದ ಮೇಲೆ ಪ್ರಾಯೋಗಿಕ ಪರೀಕ್ಷೆ. ಜಪಾನಿನ ಪದ್ಧತಿಯಲ್ಲಿ ಮೌಖಿಕ ಪರೀಕ್ಷೆಗೆ ಇರುವ ತೂಕವನ್ನು ಹೊರಗಿನವರು ಕಡಿಮೆ ಅಂದಾಜು ಮಾಡುತ್ತಾರೆ. ಪರೀಕ್ಷಕರು ಒಂದು ಹಾರಾಟವನ್ನು ಮುಂದಿಟ್ಟು, ಈ ಹವಾಮಾನದಲ್ಲಿ ಹೊರಡಬಹುದೇ, ಬದಲಿ ನಿಲ್ದಾಣ ಬೇಕೇ, ಎಷ್ಟು ಇಂಧನ, ಯಾವ ನಿಯಮದ ಪ್ರಕಾರ ಎಂದು ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತಾ ಹೋಗುತ್ತಾರೆ. ಅಂದಾಜಿನ ಉತ್ತರಕ್ಕಿಂತ, ಇದು ಇಂಥ ಕೈಪಿಡಿಯ ಇಂಥ ಅಧ್ಯಾಯದಲ್ಲಿದೆ ಎಂದು ಪುಟ ತೆರೆದು ತೋರಿಸುವವರಿಗೆ ಅಲ್ಲಿ ಗೌರವ. ವಿಮಾನವನ್ನು ಚೆನ್ನಾಗಿ ಹಾರಿಸಬಲ್ಲೆ ಎಂಬ ಆತ್ಮವಿಶ್ವಾಸ ಈ ಕೋಣೆಯಲ್ಲಿ ಒಂದೇ ಸಾಲದು. ಓದುವ ಅಭ್ಯಾಸ ಬಿಟ್ಟುಹೋಗಿದ್ದರೆ ಅದನ್ನು ಮತ್ತೆ ಆರಂಭಿಸಬೇಕು.

ಲೈಸೆನ್ಸ್ ಬಂದ ಮಾತ್ರಕ್ಕೆ ಕ್ಯಾಪ್ಟನ್ ಆದಂತಲ್ಲ. ಜಪಾನಿನ ನಾಗರಿಕ ವಿಮಾನಯಾನ ಕಾಯ್ದೆಯ 72ನೇ ಕಲಮಿನ ಪ್ರಕಾರ, ಪ್ರಯಾಣಿಕ ವಿಮಾನದ ಕ್ಯಾಪ್ಟನ್ ಆಗುವವರು ಅಗತ್ಯ ಜ್ಞಾನ ಮತ್ತು ಸಾಮರ್ಥ್ಯ ಹೊಂದಿದ್ದಾರೆಂಬ ಪ್ರತ್ಯೇಕ ಮಾನ್ಯತೆಯನ್ನು ಪಡೆಯಬೇಕು. ಇದಕ್ಕೆ ಮತ್ತೊಂದು ಸುತ್ತಿನ ಮೌಖಿಕ ಪರೀಕ್ಷೆಯಿದೆ, ನಿಜವಾದ ಮಾರ್ಗದಲ್ಲಿ ಪರೀಕ್ಷಕರನ್ನು ಕಾಕ್‌ಪಿಟ್‌ನಲ್ಲಿ ಕೂರಿಸಿಕೊಂಡು ಹಾರುವ ಪರೀಕ್ಷೆಯೂ ಇದೆ. ಸರ್ಕಾರ ಗೊತ್ತುಪಡಿಸಿದ ಕೆಲವು ಸಂಸ್ಥೆಗಳಲ್ಲಿ ಸಂಸ್ಥೆಯ ಪರೀಕ್ಷಕರೇ ಇದನ್ನು ನಡೆಸುತ್ತಾರೆ, ಉಳಿದೆಡೆ ಜೆಸಿಎಬಿ ಅಧಿಕಾರಿಗಳು ಬರುತ್ತಾರೆ. ಸೇರಿದ ದಿನದಿಂದ ಕ್ಯಾಪ್ಟನ್ ಆಗಿ ಸ್ವತಂತ್ರವಾಗಿ ಹಾರುವ ದಿನದವರೆಗೆ ತಿಂಗಳುಗಳೇ ಕಳೆಯುವುದರಿಂದ, ಆ ಅವಧಿಯಲ್ಲಿ ಎಷ್ಟು ಸಂಬಳ ಎಂಬ ಪ್ರಶ್ನೆಯನ್ನು ಸಂದರ್ಶನದಲ್ಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು.

ನಾಲ್ಕನೆಯದು: ವೀಸಾ ಮತ್ತು ನೋಟಿಸ್ ಅವಧಿಯ ಹೊಂದಾಣಿಕೆ

ಪೈಲಟ್‌ಗಳಿಗೆ ಜಪಾನ್ ನೀಡುವುದು ಕುಶಲ ಕೆಲಸಗಾರರ ವಾಸ್ತವ್ಯ ದರ್ಜೆ. ಇದಕ್ಕೆ ಹಿಂದೆ 1,000 ಗಂಟೆಗಳ ಹಾರಾಟದ ಅನುಭವ ಬೇಕಿತ್ತು. ಈಗ ಅದು 250 ಗಂಟೆಗೆ ಇಳಿದಿದೆ. ವಲಸೆ ಕಾನೂನು ಸಡಿಲವಾಯಿತೆಂದ ಮಾತ್ರಕ್ಕೆ 250 ಗಂಟೆಯವರನ್ನು ಸಂಸ್ಥೆಗಳು ಕರೆಯುತ್ತವೆ ಎಂದು ತಿಳಿಯಬಾರದು. ಭಾರತದಲ್ಲಿ ಈಚೆಗೆ ಹೆಚ್ಚು ಕೇಳಿಬರುವ 'ನಿರ್ದಿಷ್ಟ ಕೌಶಲ' ಯೋಜನೆಯಲ್ಲಿ ವಿಮಾನಯಾನ ಎಂಬ ವಿಭಾಗವಿದೆ ನಿಜ, ಆದರೆ ಅದು ನಿಲ್ದಾಣದ ನೆಲದ ಕೆಲಸ ಮತ್ತು ವಿಮಾನ ನಿರ್ವಹಣೆಗೆ ಸೀಮಿತ. ಪೈಲಟ್‌ಗಳಿಗೆ ಅದು ಅನ್ವಯಿಸುವುದಿಲ್ಲ.

ಕೆಲಸ ಕೊಡುವ ಸಂಸ್ಥೆಯೇ ಜಪಾನಿನ ವಲಸೆ ಇಲಾಖೆಗೆ ಅರ್ಜಿ ಹಾಕಿ ವಾಸ್ತವ್ಯ ಅರ್ಹತಾ ಪ್ರಮಾಣಪತ್ರವನ್ನು ಪಡೆಯುತ್ತದೆ. ಅದು ಕೈಸೇರಿದ ಮೇಲೆ ಕರ್ನಾಟಕದವರು ಬೆಂಗಳೂರಿನ ಜಪಾನ್ ಕಾನ್ಸುಲೇಟ್ ಜನರಲ್ ವ್ಯಾಪ್ತಿಯಲ್ಲೇ ವೀಸಾ ಪಡೆಯಬಹುದು, ದೆಹಲಿಗೆ ಹೋಗಬೇಕಿಲ್ಲ. ತೊಡಕಿರುವುದು ದಿನಾಂಕಗಳಲ್ಲಿ. ಆ ಪ್ರಮಾಣಪತ್ರ ಬಂದ ಮೂರು ತಿಂಗಳೊಳಗೆ ಜಪಾನ್ ಪ್ರವೇಶಿಸಬೇಕು. ಭಾರತದಲ್ಲಿ ಡಿಜಿಸಿಎ ನಿಯಮದ ಪ್ರಕಾರ ಕ್ಯಾಪ್ಟನ್‌ಗಳು ಒಂದು ವರ್ಷ, ಕೋ-ಪೈಲಟ್‌ಗಳು ಆರು ತಿಂಗಳು ನೋಟಿಸ್ ಕೊಡಬೇಕು. ಸಂಸ್ಥೆ ಒಪ್ಪಿದರೆ ಅವಧಿ ಕಡಿಮೆಯಾಗಬಹುದು, ಆದರೆ ಅದನ್ನು ನಂಬಿ ಲೆಕ್ಕ ಹಾಕಬಾರದು.

ಇದಕ್ಕೆ ನನಗೆ ತೋರುವ ಸರಿಯಾದ ಕ್ರಮ ಹೀಗೆ: ವೈದ್ಯಕೀಯ ಪರೀಕ್ಷೆ ಮತ್ತು ಆಯ್ಕೆ ಮುಗಿದು, ಸಹಿ ಹಾಕಿದ ಕರಾರು ಕೈಗೆ ಬಂದ ಮೇಲೆಯೇ ರಾಜೀನಾಮೆ ಪತ್ರ ಕೊಡುವುದು, ನೋಟಿಸ್ ಅವಧಿಯ ಕೊನೆಯ ತಿಂಗಳುಗಳಲ್ಲಷ್ಟೇ ಅರ್ಹತಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಂತೆ ಜಪಾನಿನ ಸಂಸ್ಥೆಯನ್ನು ಕೇಳಿಕೊಳ್ಳುವುದು, ಸೇರ್ಪಡೆಯ ದಿನಾಂಕವನ್ನು ಕರಾರಿನಲ್ಲೇ ಬರೆಸುವುದು. ಭಾರತದ ಒಂದು ವರ್ಷದ ನಿಯಮವನ್ನು ಸಂದರ್ಶನದ ದಿನವೇ ಸ್ಪಷ್ಟವಾಗಿ ಹೇಳಿದರೆ ಕಾಯಲು ಸಿದ್ಧವಿರುವ ಸಂಸ್ಥೆ ಯಾವುದು, ಇಲ್ಲದ ಸಂಸ್ಥೆ ಯಾವುದು ಎಂಬುದು ಆಗಲೇ ತಿಳಿಯುತ್ತದೆ.

ಕರಾರು ಮತ್ತು ಹಣಕಾಸು

ಸಂಸ್ಥೆಯ ನೇರ ನೌಕರಿ ಮತ್ತು ಏಜೆನ್ಸಿ ಮೂಲಕದ ಗುತ್ತಿಗೆ ಎಂಬ ಎರಡು ದಾರಿಗಳಿವೆ. ಗುತ್ತಿಗೆಯಲ್ಲಿ ಕೆಲವು ವಾರ ದುಡಿದು ಕೆಲವು ದಿನ ಊರಿಗೆ ಬರುವ ಅನುಕೂಲ ಇರುವುದುಂಟು. ಭದ್ರತೆ ಮಾತ್ರ ಕಡಿಮೆ. 2010ರ ಜನವರಿಯಲ್ಲಿ ಜಪಾನ್ ಏರ್‌ಲೈನ್ಸ್ ದಿವಾಳಿಯಾದಾಗ ಅದರ ಅಂಗಸಂಸ್ಥೆಯಲ್ಲಿದ್ದ ವಿದೇಶಿ ಗುತ್ತಿಗೆ ಪೈಲಟ್‌ಗಳು ಅದೇ ವರ್ಷ ಕೆಲಸ ಕಳೆದುಕೊಂಡರು. 2015ರಲ್ಲಿ ಸ್ಕೈಮಾರ್ಕ್ ಆರ್ಥಿಕ ಸಂಕಷ್ಟಕ್ಕೆ ಸಿಲುಕಿ ಎ330 ಹಾರಾಟವನ್ನೇ ನಿಲ್ಲಿಸಿತು. ಅವಧಿಗೆ ಮುನ್ನ ಕರಾರು ಮುರಿದರೆ ಎಷ್ಟು ತಿಂಗಳ ಸಂಬಳ, ತರಬೇತಿ ವೆಚ್ಚವನ್ನು ಹಿಂತಿರುಗಿಸಬೇಕೇ, ವೈದ್ಯಕೀಯವಾಗಿ ಅನರ್ಹರಾದರೆ ಏನು ಎಂಬ ಮೂರು ಕಲಮುಗಳನ್ನು ಓದದೆ ಸಹಿ ಹಾಕಬಾರದು. ನೆಲೆ ಯಾವ ಊರು ಎಂಬುದೂ ಮುಖ್ಯ: ಸಂಗಾತಿ ಮತ್ತು ಮಕ್ಕಳೊಂದಿಗೆ ಹೋಗುವವರಿಗೆ ತೋಕಿಯೊದ ನಿಶಿ-ಕಸಾಯ್ ಸುತ್ತಮುತ್ತ ಭಾರತೀಯರ ನೆರೆಹೊರೆ ಸಿಗುತ್ತದೆ, ನಗರದಲ್ಲಿ ಭಾರತೀಯ ಶಾಲೆಗಳೂ ಇವೆ. ಅವಲಂಬಿತ ವೀಸಾದಲ್ಲಿರುವ ಸಂಗಾತಿ ಅನುಮತಿ ಪಡೆದು ವಾರಕ್ಕೆ 28 ಗಂಟೆವರೆಗೆ ಮಾತ್ರ ಕೆಲಸ ಮಾಡಬಹುದು.

ಸಂಬಳದ ಮೊತ್ತವನ್ನು ರೂಪಾಯಿಗೆ ಗುಣಿಸುವ ಮುನ್ನ ತೆರಿಗೆಯನ್ನು ಕಳೆಯಬೇಕು. ರಾಷ್ಟ್ರೀಯ ಆದಾಯ ತೆರಿಗೆ ಹಂತ ಹಂತವಾಗಿ ಏರಿ ಗರಿಷ್ಠ ಶೇ 45ರವರೆಗೆ ಹೋಗುತ್ತದೆ, ಅದರ ಮೇಲೆ ಸುಮಾರು ಶೇ 10ರ ಸ್ಥಳೀಯ ನಿವಾಸ ತೆರಿಗೆ ಇರುತ್ತದೆ. ನಿವಾಸ ತೆರಿಗೆಯನ್ನು ಹಿಂದಿನ ವರ್ಷದ ಆದಾಯದ ಮೇಲೆ ಹಾಕುವುದರಿಂದ ಮೊದಲ ವರ್ಷ ಕೈಗೆ ಹೆಚ್ಚು ಹಣ ಬಂದಂತೆ ಕಾಣುತ್ತದೆ, ಎರಡನೆಯ ವರ್ಷ ಒಮ್ಮೆಲೇ ಕಡಿತ ಹೆಚ್ಚುತ್ತದೆ. ಪಿಂಚಣಿಯ ವಂತಿಗೆಯೂ ಕಡ್ಡಾಯ. ಭಾರತ ಮತ್ತು ಜಪಾನ್ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿದ್ದು, ಎರಡೂ ದೇಶಗಳಲ್ಲಿ ವಂತಿಗೆ ಕಟ್ಟಿದ ಅವಧಿಗಳನ್ನು ಅರ್ಹತೆಗಾಗಿ ಒಟ್ಟುಗೂಡಿಸಲು ಅವಕಾಶವಿದೆ. ಜಪಾನ್ ಬಿಡುವಾಗ ವಂತಿಗೆಯ ಒಂದು ಭಾಗವನ್ನು ಇಡಿಗಂಟಾಗಿ ಹಿಂಪಡೆಯುವ ದಾರಿಯೂ ಇದೆ. ಹಾಗೆ ಪಡೆದರೆ ಆ ಅವಧಿ ಮುಂದೆ ಪಿಂಚಣಿಯ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ, ಅರ್ಜಿ ತುಂಬುವ ಮೊದಲು ಎರಡೂ ಆಯ್ಕೆಗಳ ಮೊತ್ತವನ್ನು ತೆರಿಗೆ ಸಲಹೆಗಾರರಿಂದ ಲೆಕ್ಕ ಹಾಕಿಸಿಕೊಳ್ಳಬೇಕು.