ಬಿಸಿಯಾದಾಗ ಸೆಲ್ಫ್ ಹೊಡೆಯದ ಹಳೇ ಕಾರು: ಎರಡು ಬಲ್ಬ್ ಕಟ್ಟಿ ಹಿಡಿದದ್ದು

ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್. ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂಕಿನಲ್ಲಿ ನಿಲ್ಲಿಸಿದರೆ ಬರೀ ಟಕ್, ಕೆಲವೊಮ್ಮೆ ಅದೂ ಇಲ್ಲ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿ. ಕಾರು 1997ರದು, ಕಾರ್ಬ್ಯುರೇಟರಿನದು. ಗ್ಯಾರೇಜಿಗೆ ಹೋದಾಗ ಈ ಕಾಯಿಲೆ ಮಾಯ. ಅದಕ್ಕೇ ಮೊದಲು ಬ್ಯಾಟರಿ, ಆಮೇಲೆ ಸೆಲ್ಫ್ ಮೋಟಾರ್ ಅಂತ ಅಂದಾಜಿನ ಮೇಲೆ ಬದಲಿಸುತ್ತಾ ಹೋಗುವುದು ರೂಢಿ. ನಾನು ಏನನ್ನೂ ಬದಲಿಸದೆ ಅಳೆಯಲು ಕೂತೆ.

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.5 ವೋಲ್ಟ್ ಇತ್ತು. ಪೂರ್ತಿ ಚಾರ್ಜಾಗಿದ್ದರೆ 12.6, ಅರ್ಧ ಖಾಲಿಯಾಗಿದ್ದರೆ ಸುಮಾರು 12.2. ಸೆಲ್ಫ್ ಹೊಡೆಯುವಾಗ 10.4ಕ್ಕೆ ಇಳಿಯಿತು, 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿಯನ್ನೇ ಅನುಮಾನಿಸಬೇಕು. ಮುಂದೆ ಮೀಟರಿನ ಒಂದು ಪ್ರೋಬ್ ಬ್ಯಾಟರಿ ಮೈನಸ್ಸಿನ ಸೀಸದ ಕಂಬಕ್ಕೆ, ಇನ್ನೊಂದು ಇಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೆಸಿದೆ: 0.15 ವೋಲ್ಟ್. 0.2ರೊಳಗಿದ್ದರೆ ಅರ್ತ್ ಸರಿ. ಪ್ಲಸ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿಗೆ 0.3, ಅರ್ಧ ವೋಲ್ಟಿನ ತನಕ ಪರವಾಗಿಲ್ಲ. ಪ್ರೋಬನ್ನು ಕಂಬಕ್ಕೆ ಕೇಬಲ್ ಬಿಗಿಯುವ ಕ್ಲಾಂಪಿನ ಮೇಲೆ ಇಡಬೇಡಿ, ಕಂಬದ ಮೇಲೇ ಇಡಿ. ಇಲ್ಲವಾದರೆ ಕ್ಲಾಂಪಿಗೂ ಕಂಬಕ್ಕೂ ನಡುವೆಯೇ ಕಿಲುಬಿದ್ದರೆ ಗೊತ್ತೇ ಆಗುವುದಿಲ್ಲ. ಓಮ್ಸ್‌ನಲ್ಲಿ ಅಳೆಯುವುದು ವ್ಯರ್ಥ. ನಾಲ್ಕೇ ಎಳೆ ಉಳಿದ ಕೇಬಲ್ಲೂ ಮೀಟರಿಗೆ ಸೊನ್ನೆ ಓಮ್ ತೋರಿಸುತ್ತದೆ, ನೂರು ಆಂಪಿಯರ್ ಕೇಳಿದಾಗ ಕೈಕೊಡುತ್ತದೆ.

ಇದೆಲ್ಲ ಕಾರು ತಣ್ಣಗಿದ್ದಾಗಿನ ಲೆಕ್ಕ. ಕಾಯಿಲೆ ಬಂದ ಹೊತ್ತಿಗೇ ಹಿಡಿಯಬೇಕಲ್ಲ? ಬ್ಯಾಟರಿ ಮೈನಸ್ ಬಿಚ್ಚಿ ಎರಡು ತೆಳು ವೈರುಗಳನ್ನು ಸೆಲ್ಫಿನಿಂದ ಡ್ಯಾಶ್‌ಬೋರ್ಡಿಗೆ ಎಳೆದೆ. ಒಂದು ಸೊಲೆನಾಯ್ಡಿನ (ಕೀಲಿ ತಿರುಗಿಸಿದಾಗ ಮೋಟಾರಿಗೆ ಕರೆಂಟ್ ಜೋಡಿಸುವ, ಸೆಲ್ಫಿನ ಮೇಲಿನ ಕಾಯಿಲ್ ಸ್ವಿಚ್ಚು) ಸಣ್ಣ ಟರ್ಮಿನಲ್ಲಿನಿಂದ, ಅಂದರೆ 50 ಎಂಬ ನಂಬರಿನದರಿಂದ. ಇನ್ನೊಂದು ಸೊಲೆನಾಯ್ಡಿನಿಂದ ಮೋಟಾರಿನ ಒಳಕ್ಕೆ ಹೋಗುವ ಬೋಲ್ಟಿನಿಂದ. ಎರಡಕ್ಕೂ ಸೆಲ್ಫಿನ ಹತ್ತಿರವೇ 2 ಆಂಪಿಯರ್ ಫ್ಯೂಸ್, ಒಳಗೆ 5 ವಾಟಿನ ಬಲ್ಬ್, ಬಲ್ಬಿನ ಇನ್ನೊಂದು ತುದಿ ಬಾಡಿಗೆ. ಎಲ್‌ಇಡಿ ಬೇಡ, ಅದು ಸುಟ್ಟ ಕಾಂಟ್ಯಾಕ್ಟಿನ ಮೂಲಕ ನುಸುಳುವ ಚೂರು ಕರೆಂಟಿಗೂ ಹೊಳೆದು ದಾರಿ ತಪ್ಪಿಸುತ್ತದೆ. ಕೀಲಿ ತಿರುಗಿಸಿದಾಗ ಎರಡೂ ಉರಿಯದಿದ್ದರೆ ಇಗ್ನಿಷನ್ ಸ್ವಿಚ್ ಕಡೆ ದೋಷ. ಮೊದಲನೆಯದು ಮಾತ್ರ ಪ್ರಕಾಶವಾಗಿ ಉರಿದರೆ ಸೊಲೆನಾಯ್ಡಿನೊಳಗಿನ ತಾಮ್ರದ ಕಾಂಟ್ಯಾಕ್ಟ್ ಸವೆದಿದೆ. ಎರಡೂ ಚೆನ್ನಾಗಿ ಉರಿದು ಇಂಜಿನ್ ತಿರುಗದಿದ್ದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ನೋಡಬೇಕು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಸೆಲ್ಫ್ ತಿರುಗುವುದು ಸಾಮಾನ್ಯವಾಗಿ ಈ ಮೂರನೇ ಜಾತಿಯಲ್ಲಿ.

ಐದನೇ ದಿನ ಸಿಕ್ಕಿತು: ಮೊದಲ ಬಲ್ಬ್ ಮಂಕಾಗಿ ಕೆಂಪಗೆ, ಎರಡನೆಯದು ಕತ್ತಲು. ಅಂದರೆ 50ಕ್ಕೇ ಪೂರ್ತಿ ವೋಲ್ಟೇಜ್ ಬರುತ್ತಿಲ್ಲ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದು, ಇನ್ನೊಬ್ಬರು ಎರಡು ಸೆಕೆಂಡ್ ಕೀಲಿ ಹಿಡಿದಾಗ ಬ್ಯಾಟರಿಯಲ್ಲಿ 12.2, 50ರಲ್ಲಿ 8.1. ನಡುವೆ ಕಳೆದ 4.1 ವೋಲ್ಟಿನಲ್ಲಿ ಇಗ್ನಿಷನ್ ಸ್ವಿಚ್ಚಿಗೆ ಕರೆಂಟ್ ಬರುವ ತುದಿಗೂ ಹೊರಡುವ ತುದಿಗೂ ನಡುವೆಯೇ 2.9. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಜೋಡಿಸುವ ಸ್ವಿಚ್ಚು) ಇಲ್ಲದ ಹಳೆ ಕಾರುಗಳಲ್ಲಿ ಸೊಲೆನಾಯ್ಡ್ ಎಳೆಯುವ ಇಪ್ಪತ್ತು ಮೂವತ್ತು ಆಂಪಿಯರೂ ಈ ಬಡಪಾಯಿ ಸ್ವಿಚ್ಚಿನ ಮೂಲಕವೇ ಹೋಗಬೇಕು. ವರ್ಷಗಟ್ಟಲೆ ಕಿಡಿ ಹಾರಿ ಕಾಂಟ್ಯಾಕ್ಟ್ ಕಪ್ಪಾಗಿರುತ್ತದೆ. ಬಿಸಿಯ ಪಾಲೂ ಇದೆ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಶೇ. 0.4ರಷ್ಟು ಏರುವುದರಿಂದ, ಸೊಲೆನಾಯ್ಡ್ 50 ಡಿಗ್ರಿ ಕಾದರೆ ಕಾಯಿಲ್ಲಿನದು ಶೇ. 20 ಹೆಚ್ಚು. ಬೆಳಿಗ್ಗೆ ಹೇಗೋ ಸಾಲುತ್ತಿದ್ದ ವೋಲ್ಟೇಜ್ ಆಗ ಸಾಲುವುದಿಲ್ಲ.

ಸ್ವಿಚ್ ಬದಲಿಸಿದ್ದರೂ ಆಗುತ್ತಿತ್ತು, ಹೊಸದೂ ಹಾಗೇ ಸುಡುತ್ತದೆ. ನಾಲ್ಕು ಕಾಲಿನ 40 ಆಂಪಿಯರ್ ರಿಲೇ ಹಾಕಿದೆ. ಬ್ಯಾಟರಿ ಪ್ಲಸ್ಸಿನಿಂದ 30 ಆಂಪಿಯರ್ ಫ್ಯೂಸ್ ಮೂಲಕ 4 ಚದರ ಮಿಲಿಮೀಟರ್ ವೈರ್ ರಿಲೇಯ 30 ಎಂಬ ನಂಬರಿನ ಕಾಲಿಗೆ. 87 ನಂಬರಿನ ಕಾಲಿನಿಂದ ಅದೇ ದಪ್ಪದ ವೈರ್ ಸೊಲೆನಾಯ್ಡಿನ 50ಕ್ಕೆ. ಮೊದಲು 50ಕ್ಕೆ ಬರುತ್ತಿದ್ದ ಹಳೆ ವೈರನ್ನು ರಿಲೇಯ 86ಕ್ಕೆ ಸಿಕ್ಕಿಸಿ 85ನ್ನು ಅರ್ತ್ ಮಾಡಿದೆ. ಈಗ ಸ್ವಿಚ್ಚಿನ ಮೂಲಕ ಹೋಗುವುದು ಕಾಲು ಆಂಪಿಯರಿಗಿಂತ ಕಡಿಮೆ. ರಿಲೇಯ ಕಾಲುಗಳು ಕೆಳಮುಖವಾಗಿರಲಿ, ಮಳೆನೀರು ನಿಲ್ಲದು. ಬಿಸಿ ಇಂಜಿನ್ನಿನಲ್ಲಿ ಬ್ಯಾಟರಿಗೂ 50ಕ್ಕೂ ನಡುವೆ ಈಗ ಕಳೆಯುವುದು 0.3 ವೋಲ್ಟ್.

ಸೆಲ್ಫ್ ಚೆನ್ನಾಗಿ ಹೊಡೆದೂ ಇಂಜಿನ್ ಹಿಡಿಯದಿದ್ದರೆ ಈ ಬಲ್ಬುಗಳು ಉಪಯೋಗಕ್ಕಿಲ್ಲ. ಅಲ್ಲಿ ಕಿಡಿ, ಪೆಟ್ರೋಲ್ ಎರಡರಲ್ಲಿ ಯಾವುದಿಲ್ಲ ಎಂದು ಹುಡುಕಬೇಕು. ಕೀಲಿ ಬಿಡುವ ಕ್ಷಣದಲ್ಲಷ್ಟೇ ಇಂಜಿನ್ ಹಿಡಿಯುತ್ತಿದ್ದರೆ ಮಾತ್ರ ಮತ್ತೆ ಇದೇ ಸ್ವಿಚ್ಚಿಗೆ ಬನ್ನಿ: ಸ್ಟಾರ್ಟ್ ಸ್ಥಾನದಲ್ಲಿ ಇಗ್ನಿಷನ್ ಕಾಯಿಲ್ಲಿಗೆ ಕರೆಂಟ್ ಹೋಗುತ್ತಿಲ್ಲ.