ಇಪ್ಪತ್ತು ಅಡಿಕೆಯಲ್ಲಿ ಮನೆಮನೆಯ ಭಯ

ಮಲೆನಾಡಿನ ಮನೆಗಳವರು ಯಾವ ಅಪಾಯಕ್ಕೆ ಎಷ್ಟು ಹೆದರುತ್ತಾರೆ, ಹೆದರಿ ಏನು ಮಾಡುತ್ತಾರೆ ಎಂದು ಕೇಳಿ ಬರೆದುಕೊಳ್ಳುವ ಕೆಲಸವನ್ನು ನಾನು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ 36 ಮನೆಗಳಲ್ಲಿ, ಒಂದು ಬೇಸಿಗೆ ಮತ್ತು ಅದರ ಬೆನ್ನಿಗೇ ಬಂದ ಮಳೆಗಾಲದಲ್ಲಿ ಮಾಡಿದೆ. ಕೈಯಲ್ಲಿದ್ದ ನಮೂನೆಯಲ್ಲಿ ಮಂಗನ ಕಾಯಿಲೆ, ಅತಿವೃಷ್ಟಿ, ಹಾವು ಕಡಿತ, ಕಾಡುಪ್ರಾಣಿ, ಬೆಳೆರೋಗ ಎಂಬ ಸಾಲುಗಳಿದ್ದು, ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ ಹಾಕಿಸಬೇಕಿತ್ತು. ಮೊದಲ ನಾಲ್ಕು ದಿನ ಎಲ್ಲ ಮನೆಯಲ್ಲೂ ಎಲ್ಲದಕ್ಕೂ ಐದೇ ಬಿತ್ತು. ಕಾಯಿಲೆಗೆ ಹೆದರುತ್ತೀರಾ ಎಂದು ಕೇಳಿದರೆ ಇಲ್ಲ ಎನ್ನುವವರು ಯಾರು? ಪರಿಹಾರದ ಪಟ್ಟಿಗೆ ಹೆಸರು ಬರೆದುಕೊಳ್ಳಲು ಬಂದವನೆಂದು ನನ್ನನ್ನು ಎಣಿಸಿದವರೂ ಇದ್ದರು. ಕೈಯಲ್ಲಿ ಕಾಗದ ಹಿಡಿದು ಅಂಗಳಕ್ಕೆ ಬಂದವನ ಬಗ್ಗೆ ಬೇರೆ ಏನು ತಿಳಿಯಬೇಕು.

ಐದನೆಯ ದಿನ ಒಂದು ಮನೆಯ ಜಗಲಿಯ ಮೂಲೆಯಲ್ಲಿ ಗೋಟಡಿಕೆಯ ಬುಟ್ಟಿ ಕಂಡಿತು. ಕೇಳಿ ಇಪ್ಪತ್ತು ಅಡಿಕೆ ಎಣಿಸಿಕೊಂಡು, ಸೀಮೆಸುಣ್ಣದಿಂದ ನೆಲದ ಮೇಲೆ ಸಾಲಿಗೊಂದರಂತೆ ಐದು ಚೌಕದ ಮನೆ ಬರೆದು, ಯಾವುದು ರಾತ್ರಿ ನಿದ್ದೆ ಕೆಡಿಸುತ್ತದೋ ಅದಕ್ಕೆ ಹೆಚ್ಚು ಅಡಿಕೆ ಇಡಿ ಎಂದೆ. ಮನೆಯ ಹಿರಿಯ ಹೆಂಗಸು ಸ್ವಲ್ಪ ಹೊತ್ತು ನೋಡಿ, "ಒಂದಕ್ಕೆ ಹಾಕಿದ್ರೆ ಇನ್ನೊಂದಕ್ಕೆ ಕಡಿಮೆ ಆಗ್ತದಲ್ಲ ತಮ್ಮಾ" ಎಂದರು. ನನಗೆ ಬೇಕಾಗಿದ್ದದ್ದೂ ಅದೇ. ಮಂಗನ ಕಾಯಿಲೆಗೆ ಮೂರು, ಬೆಳೆರೋಗದ ಮನೆಗೆ, ಅಂದರೆ ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೆ, ಎರಡು ಇಟ್ಟರು. ಮೊಮ್ಮಗಳು ಶಾಲೆಗೆ ದಾಟಿ ಹೋಗುವ ಹಳ್ಳದ ಸಂಕವನ್ನು (ಕಾಲುಸೇತುವೆಯನ್ನು) ನೆನೆದು ಅತಿವೃಷ್ಟಿಯ ಮನೆಗೆ ಐದು ಇಟ್ಟರು. ಉಳಿದ ಹತ್ತನ್ನು ಮಡಿಲಲ್ಲಿಯೇ ಇಟ್ಟುಕೊಂಡು, "ಹಕ್ಕುಪತ್ರದ ಮನೆ ಎಲ್ಲಿ?" ಎಂದು ಕೇಳಿದರು.

ಆ ಕುಟುಂಬ ಶರಾವತಿಯ ಮುಳುಗಡೆಯಿಂದ ಎದ್ದು ಬಂದದ್ದು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಂದು ಕಾಡಂಚಿಗೆ ಬಂದು ನೆಲ ಹಸನು ಮಾಡಿಕೊಂಡವರ ಮೊಮ್ಮಕ್ಕಳಲ್ಲಿ ಅನೇಕರ ಹೆಸರಿಗೆ ಇಂದಿಗೂ ಆ ಜಾಗದ ಪಹಣಿ ಇಲ್ಲ. ಇದು ನನ್ನ ವಿಷಯಕ್ಕೆ ಹೊರಗಿನದೆಂದು ಮೊದಲು ಅನ್ನಿಸಿತು, ಹಾಗೆ ಅನ್ನಿಸಿದ್ದು ನನ್ನದೇ ತಪ್ಪು. ಪಹಣಿ ಇಲ್ಲದಿದ್ದರೆ ಹವಾಮಾನ ಆಧಾರಿತ ಬೆಳೆ ವಿಮೆ ಇಲ್ಲ, ಬೆಳೆಸಾಲವಿಲ್ಲ. ಸಾಲವಿಲ್ಲದ ಮನೆಯಲ್ಲಿ ಕೊಳೆಯ ಮದ್ದಿಗೆ ಬೇಕಾದ ಮೈಲುತುತ್ತ ತರುವ ದುಡ್ಡು ಹೊಂದಿಸುವಷ್ಟರಲ್ಲಿ ಮುಂಗಾರು ಹಿಡಿದಿರುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಹೊಡೆಯಬೇಕೆಂಬುದು ಇಲ್ಲಿ ಎಲ್ಲರಿಗೂ ಗೊತ್ತಿದೆ. ಮೊದಲ ಮದ್ದು ತಪ್ಪಿದ ತೋಟದಲ್ಲಿ ಕೊಳೆ ಬಂದರೆ ಅದಕ್ಕೆ ಮಳೆಯಷ್ಟೇ ಆ ಕಾಗದವೂ ಕಾರಣ. ಅಂದೇ ನಮೂನೆಗೆ ಆರನೆಯ ಸಾಲು ಸೇರಿಸಿ, ಅದರ ಹೆಸರಿನ ಜಾಗವನ್ನು ಖಾಲಿ ಬಿಟ್ಟೆ.

ಮಂಗನ ಕಾಯಿಲೆಗೆ ಮೂರೇ ಅಡಿಕೆ ಏಕೆ ಎಂಬುದನ್ನು ತಿಳಿಯಲು ಹೆಚ್ಚು ದಿನ ಹಿಡಿಯಿತು. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ರೋಗಕ್ಕೆ ಇಂದಿಗೂ ನೇರವಾದ ಔಷಧಿ ಇಲ್ಲ. ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ದಶಕಗಳಿಂದ ಕೊಡುತ್ತಿದ್ದ ಲಸಿಕೆ ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತಿದೆ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2019ರ ಆರಂಭದಲ್ಲಿ ಆದ ಸಾವುಗಳನ್ನು ಜನ ಮರೆತಿಲ್ಲ. ಆದರೂ ಡಿಸೆಂಬರಿನಿಂದ ಮೇ ತನಕ, ಅಂದರೆ ಈ ರೋಗ ಹರಡುವ ಉಣುಗು (ಉಣ್ಣೆ ಹುಳ) ಹೆಚ್ಚಿರುವ ಆ ತಿಂಗಳುಗಳಲ್ಲಿಯೇ, ಹೆಂಗಸರು ದರಗು (ಒಣ ಎಲೆ) ಗುಡಿಸಲು ಕಾಡಿಗೆ ಹೋಗುತ್ತಾರೆ. ದರಗು ಒಣಗಿ ಬೀಳುವುದೂ ಆಗಲೇ. ಕೊಟ್ಟಿಗೆಗೆ ಹಾಸಲು ಅದಿಲ್ಲದಿದ್ದರೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದಿದ್ದರೆ ತೋಟವಿಲ್ಲ. ಇದನ್ನು ಅಜ್ಞಾನವೆಂದು ಬರೆದ ವರದಿಗಳನ್ನು ಓದಿದ್ದೇನೆ, ಆದರೆ ನಾನು ಕಂಡದ್ದು ಲೆಕ್ಕಾಚಾರ. ಒಂದು ಮನೆಯಲ್ಲಿ ತಾಯಿ ಮಗಳು ಮೊಣಕೈ ಮುಚ್ಚುವ ಅಂಗಿ ತೊಟ್ಟು, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಟ್ಟ ಡೇಪಾ ಎಣ್ಣೆಯನ್ನು ಮೊದಲು ಪಾದದ ಸಂದಿಗೆ, ಆಮೇಲೆ ಕುತ್ತಿಗೆಗೆ ಹಚ್ಚಿಕೊಂಡು ಹೊರಟರು; ಮಂಗ ಸತ್ತಿದೆಯೆಂದು ಸುದ್ದಿ ಬಂದಿದ್ದ ಗುಡ್ಡ ಹತ್ತಿರವೇ ಇದ್ದರೂ ಅದನ್ನು ಬಿಟ್ಟು ಮುಕ್ಕಾಲು ಗಂಟೆ ನಡೆದು ಬೇರೆ ಬೆಟ್ಟಕ್ಕೆ ಹೋದರು. ಸತ್ತ ಮಂಗನ ಮೈಬಿಟ್ಟ ಉಣುಗು ಅಲ್ಲೇ ಸುತ್ತ ಹರಡುತ್ತದೆಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಂದಿರುಗಿದವರು ಒಳಗೆ ಕಾಲಿಡದೆ ಬಚ್ಚಲಿಗೇ ನಡೆದು, ಉಟ್ಟ ಬಟ್ಟೆಯನ್ನು ಹಂಡೆಯ ಬಿಸಿನೀರಿಗೆ ಹಾಕಿದರು. ಕೈಯಲ್ಲಿ ಆಗುವುದನ್ನು ಮಾಡಿ ಮುಗಿಸಿದ ಅಪಾಯಕ್ಕೆ ಅವರು ಅಡಿಕೆ ಕಡಿಮೆ ಇಡುತ್ತಾರೆ. ಸಂಕ ಕಟ್ಟುವುದು, ಹಕ್ಕುಪತ್ರ ಬರುವುದು ಅವರ ಕೈಯಲ್ಲಿಲ್ಲ, ಆದ್ದರಿಂದ ಅಲ್ಲಿ ಅಡಿಕೆ ಹೆಚ್ಚು.

ಹಾವಿನ ವಿಷಯದಲ್ಲಿ ಹೇಳುವುದು ಕಡಿಮೆ. ಟಾರ್ಚು, ಗಂಬೂಟು ಬಂದಿವೆ, ಕಚ್ಚಿದರೆ ಮೊದಲು ನಾಟಿ ವೈದ್ಯರ ಬಳಿಗೆ ಹೋಗುವವರು ನಾನು ನೋಡಿದ ಮನೆಗಳಲ್ಲಿ ಇಬ್ಬರೇ.

ನನ್ನ ಎಣಿಕೆಯನ್ನು ತಲೆಕೆಳಗು ಮಾಡಿದ್ದು ಒಂದೇ ತೋಟಕ್ಕೆ ಸೇರಿದ ಎರಡು ಮನೆಗಳು. ತೋಟದ ಯಜಮಾನರು ಕೊಳೆಗೆ ಹನ್ನೊಂದು ಅಡಿಕೆ ಇಟ್ಟು, ಮರದಿಂದ ಬೀಳುವುದಕ್ಕೆ ಒಂದೂ ಇಡಲಿಲ್ಲ. ಅದೇ ತೋಟದ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನ ಹೆಂಡತಿ ಖಾಲಿ ಬಿಟ್ಟ ಆರನೆಯ ಮನೆಯ ಮೇಲೆ ಹದಿನಾಲ್ಕು ಅಡಿಕೆ ಸುರಿದು, "ಮಳೆ ಹೊಳವಾದ ತಕ್ಷಣ ಹತ್ತಿ ಅಂತಾರೆ, ಮರ ಒಣಗಿರಲ್ಲ" ಎಂದರು. ಎರಡು ಮಳೆಯ ನಡುವಿನ ಹೊಳವು ಒಂದು ಮನೆಗೆ ಬೆಳೆ ಉಳಿಯುವ ಗಳಿಗೆ, ಇನ್ನೊಂದು ಮನೆಗೆ ಜಾರುವ ಮರದ ಗಳಿಗೆ. ನೆಲದಲ್ಲಿ ನಿಂತೇ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಈಗ ಬಂದಿದೆ. ಆದರೆ ಅದನ್ನು ಕೊಳ್ಳುವವರು ಯಜಮಾನರು, ಅವರ ಅಡಿಕೆ ಆ ಮನೆಯ ಮೇಲೆ ಬಿದ್ದಿಲ್ಲ. ಈ ಎರಡೂ ಮನೆಗಳ ಸರಾಸರಿ ತೆಗೆದರೆ ಬೀಳುವ ಅಪಾಯಕ್ಕೆ ಏಳು ಬರುತ್ತದೆ, ಮತ್ತು ಆ ಏಳು ಯಾರ ಭಯವೂ ಆಗಿರುವುದಿಲ್ಲ. ವರದಿ ಕೇಳಿದವರಿಗೆ ಸರಾಸರಿಯೇ ಬೇಕಾಗಿತ್ತು. ಒಂದು ವಾರ ವಾದವಾದ ಮೇಲೆ ತೋಟದವರ ಮತ್ತು ಕೂಲಿಯವರ ಅಂಕಣಗಳನ್ನು ಬೇರೆ ಬೇರೆ ಇಡಲು ಒಪ್ಪಿದರು.

ಈಗ ಯಾವ ಊರಿಗೆ ಹೋದರೂ ಚೀಲದಲ್ಲಿ ಇಪ್ಪತ್ತರ ಎರಡು ಗಂಟು ಅಡಿಕೆ ಇರುತ್ತದೆ. ಗಂಡಸರದು ಜಗಲಿಯಲ್ಲಿ, ಹೆಂಗಸರದು ಹಿತ್ತಿಲ ಕಡೆ, ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ ನಡೆಯುತ್ತದೆ. ಒಂದೇ ಜಗಲಿಯಲ್ಲಿ ಕೂರಿಸಿದ ಮೊದಲ ಮನೆಗಳಲ್ಲಿ ಹೆಂಗಸರು ಗಂಡನ ಕೈ ನೋಡಿಕೊಂಡು ಅಡಿಕೆ ಇಡುತ್ತಿದ್ದರು. ಆ ಏಳು ಮನೆಗಳ ಲೆಕ್ಕವನ್ನು ನಾನು ಕೈಬಿಟ್ಟೆ, ಆಷಾಢದಲ್ಲಿ ಎಲ್ಲರೂ ಮನೆಯಲ್ಲಿದ್ದ ದಿನ ನೋಡಿ ಮತ್ತೆ ಹೋಗಿ ಮೊದಲಿನಿಂದ ಕೇಳಿ ಬಂದೆ.